ಗೋಲು ಹೊಡೆದ ಮರುದಿನ

ಮಗೂ,

ಡಿಗ್ರಿ ಅರ್ಧಕ್ಕೆ ಬಿಟ್ಟು ಪೂರ್ತಿ ಫುಟ್‌ಬಾಲಿಗೇ ಇಳಿದುಬಿಡಲೇ ಎಂದು ಕೇಳಿದ್ದೀಯ. ನಿಮ್ಮಪ್ಪ ಬೇಡವೇ ಬೇಡ ಎನ್ನುತ್ತಿದ್ದಾನೆ, ನಿಮ್ಮ ಕೋಚ್ ಇದೇ ಸರಿಯಾದ ವಯಸ್ಸು ಎನ್ನುತ್ತಿದ್ದಾರೆ, ತಾತ ಏನಾದರೂ ಒಂದು ಹೇಳಿ ಮುಗಿಸಲಿ ಎಂದು ನಿನ್ನಾಸೆ. ನಾನು ಹಾಗೆ ಒಂದು ಮಾತಿನಲ್ಲಿ ಮುಗಿಸುವವನಲ್ಲ ಎನ್ನುವುದು ನಿನಗೂ ಗೊತ್ತು. ನಿನ್ನ ಹಾಗೆಯೇ ರೈಟ್ ವಿಂಗಿನಲ್ಲಿ ಆಡುತ್ತಿದ್ದ ಒಬ್ಬ ಜರ್ಮನ್ ಆಟಗಾರನ ಬದುಕನ್ನು ಹೇಳುತ್ತೇನೆ, ಕೇಳು. ಹೆಸರು ಹೆಲ್ಮುಟ್ ರಾನ್. ಯೂಟ್ಯೂಬಿನಲ್ಲಿ ಹುಡುಕಿದರೆ ಮಸುಕುಮಸುಕಾದ ಕಪ್ಪುಬಿಳುಪಿನಲ್ಲಿ ಅವನ ಒಂದೇ ಒಂದು ಗೋಲು ಮತ್ತೆ ಮತ್ತೆ ಸಿಗುತ್ತದೆ. ಅವನ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ರಾನ್ ಹುಟ್ಟಿದ್ದು 1929ರ ಆಗಸ್ಟ್ 16ರಂದು, ಎಸ್ಸೆನ್ ಎಂಬ ಊರಿನಲ್ಲಿ. ಜರ್ಮನಿಯ ಪಶ್ಚಿಮಕ್ಕೆ ರೂರ್ ಅಂತ ಒಂದು ಸೀಮೆ. ನೆಲದ ಕೆಳಗೆ ಕಲ್ಲಿದ್ದಲು, ನೆಲದ ಮೇಲೆ ಉಕ್ಕಿನ ಕುಲುಮೆ. ಫಿರಂಗಿ ತಯಾರಿಸುತ್ತಿದ್ದ ಕ್ರುಪ್ ಕಾರ್ಖಾನೆ ಅದೇ ಎಸ್ಸೆನ್ನಿನದು; ಹಾಗಾಗಿ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಬಾಂಬರುಗಳು ಆ ಊರಿನ ಮೇಲೆ ಬಿಡದೆ ಎರಗಿದವು. ಯುದ್ಧ ಶುರುವಾದಾಗ ಹುಡುಗನಿಗೆ ಹತ್ತು ವರ್ಷ, ಮುಗಿದಾಗ ಹದಿನಾರು ಇನ್ನೂ ತುಂಬಿರಲಿಲ್ಲ. ಕುಸಿದ ಗೋಡೆಗಳ ನಡುವೆ ಬೆಳೆದ ಆ ಪೀಳಿಗೆಗೆ ಚೆಂಡು ಸಿಕ್ಕಿದ್ದೇ ಪುಣ್ಯ. ಆಲ್ಟೆನೆಸ್ಸೆನ್ನಿನಲ್ಲಿ ಆಟ ಕಲಿತ, ಓಲ್ಡೆ ಎಂಬಲ್ಲಿ ಕೆಲವು ವರ್ಷ ಆಡಿದ, 1950ರಲ್ಲಿ ಕಾಟರ್ನ್‌ಬೆರ್ಗ್ ಕ್ಲಬ್ಬಿಗೆ ಬಂದ. ತ್ಸೋಲ್‌ಫೆರೈನ್ ಎಂಬ ದೊಡ್ಡ ಕಲ್ಲಿದ್ದಲ ಗಣಿಯ ಮಗ್ಗುಲಲ್ಲೇ ಇದ್ದ, ಗಣಿಯವರದೇ ಎನ್ನಬಹುದಾದ ಕ್ಲಬ್ಬು ಅದು. ಮರುವರ್ಷ ರೋಟ್-ವೈಸ್ ಎಸ್ಸೆನ್, ಅಂದರೆ ಕೆಂಪು-ಬಿಳಿ ಅಂಗಿಯ ತಂಡ. 1951ರಲ್ಲೇ ರಾಷ್ಟ್ರೀಯ ತಂಡದ ಅಂಗಿಯೂ ಬಂತು.

ಈಗ ದುಡ್ಡಿನ ಮಾತು, ಏಕೆಂದರೆ ನಿನ್ನ ಪ್ರಶ್ನೆಯ ಒಳಗೆ ಅಡಗಿರುವುದು ಅದೇ. ಆಗ ಪಶ್ಚಿಮ ಜರ್ಮನಿಯಲ್ಲಿ ದೇಶಕ್ಕೆಲ್ಲ ಒಂದೇ ಲೀಗ್ ಎನ್ನುವುದೇ ಇರಲಿಲ್ಲ. ಬುಂಡೆಸ್‌ಲೀಗಾ ಶುರುವಾದದ್ದು 1963ರಲ್ಲಿ. ಅಲ್ಲಿಯವರೆಗೆ ಪ್ರಾಂತವಾರು ಲೀಗುಗಳು, ಕರಾರಿನ ಆಟಗಾರರು. ತಿಂಗಳಿಗೆ ಇಂತಿಷ್ಟೇ ಕೊಡಬೇಕೆಂಬ ಮಿತಿಯಿತ್ತು, ಹೆಚ್ಚೆಂದರೆ 320 ಮಾರ್ಕ್. ಆಟದ ಜೊತೆಗೆ ಬೇರೊಂದು ಕಸುಬೂ ಇಟ್ಟುಕೊಳ್ಳಬೇಕಿತ್ತು. ಕೆಲಸವೋ ಆಟವೋ ಎಂದು ನೀನು ತಲೆ ಕೆಡಿಸಿಕೊಂಡಿದ್ದೀಯಲ್ಲ, ಆ ಆಯ್ಕೆಯೇ ಅವರ ಮುಂದೆ ಇರಲಿಲ್ಲ. ವಿಶ್ವಕಪ್ ಗೆದ್ದವರೂ ಸೋಮವಾರ ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗಲೇಬೇಕಿತ್ತು. ಆ ಏರ್ಪಾಡು ನ್ಯಾಯವಾದದ್ದು ಎಂದು ನಾನು ಹೇಳುವುದಿಲ್ಲ. ಸ್ಟೇಡಿಯಮ್ ತುಂಬಿಸಿದವರ ಬೆವರಿನ ದುಡ್ಡು ಬೇರೆ ಯಾರದೋ ಪೆಟ್ಟಿಗೆಗೆ ಹೋಗುತ್ತಿತ್ತು. ಆದರೂ ಅದರಿಂದ ಒಂದು ಉಪಕಾರವಾಯಿತು, ಅದನ್ನು ಮುಂದೆ ಹೇಳುತ್ತೇನೆ.

ರಾನ್ ಗಟ್ಟಿ ಆಳು. ಅಗಲ ಎದೆ, ದಪ್ಪ ತೊಡೆ, ಗುಂಡು ಹೊಡೆದಂಥ ಒದೆತ. ಚೆಂಡು ಕಾಲಿಗೆ ಬಂತೆಂದರೆ ಬೇಗ ಬಿಡುತ್ತಿರಲಿಲ್ಲ. ಪಾಸ್ ಕೊಡು ಎಂದು ಜೊತೆಯವರು ಕೂಗಿದರೂ ಇನ್ನೊಬ್ಬನನ್ನು ಡಾಡ್ಜ್ ಮಾಡಿಯೇ ತೀರುವ ಜಾತಿ. ಎಲ್ಲರೂ ಅವನನ್ನು ‘ಬಾಸ್’ ಎಂದೇ ಕರೆಯುತ್ತಿದ್ದರು. ನಗಿಸುವವನು, ಅಣಕಿಸುವವನು, ಎರಡು ಗ್ಲಾಸ್ ಬಿಯರ್ ಒಳಗೆ ಹೋದರೆ ಇಡೀ ಕೋಣೆಯನ್ನು ಎಚ್ಚರವಾಗಿಡುವವನು. ಇಂಥವರನ್ನು ನೀನೂ ನೋಡಿರುತ್ತೀಯ, ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ. ಕೋಚುಗಳಿಗೆ ಅವರ ಮೇಲೆ ಪ್ರೀತಿಯೂ ಜಾಸ್ತಿ, ಸಿಟ್ಟೂ ಜಾಸ್ತಿ.

ಅವನ ಪುಣ್ಯಕ್ಕೆ ಸಿಕ್ಕ ರಾಷ್ಟ್ರೀಯ ತಂಡದ ಕೋಚ್ ಸೆಪ್ ಹೆರ್ಬರ್ಗರ್. 1954ರ ವಿಶ್ವಕಪ್‌ಗೆ ಮುಂಚೆ ರಾನ್ ತನ್ನ ಕ್ಲಬ್ಬಿನ ಜೊತೆ ದಕ್ಷಿಣ ಅಮೆರಿಕದ ಪ್ರವಾಸದಲ್ಲಿದ್ದ. ಉರುಗ್ವೆಯ ಕ್ಲಬ್ಬೊಂದು ಅವನ ಆಟ ನೋಡಿ ಇಲ್ಲೇ ಇದ್ದುಬಿಡು ಎಂದಿತು. ಉರುಗ್ವೆ ಎಂದರೆ ಆಗಿನ ವಿಶ್ವ ಚಾಂಪಿಯನ್ನರ ದೇಶ. ಮನೆಯಲ್ಲಿ ತಿಂಗಳಿಗೆ 320 ಮಾರ್ಕ್. ಇಲ್ಲಿ ಬಿಸಿಲು, ಹೆಸರು, ಹಣ. ಜರ್ಮನ್ ತಂಡದಲ್ಲಿ ಅವನ ಜಾಗಕ್ಕೆ ಬೆರ್ನಿ ಕ್ಲೋಟ್ ಎಂಬ ಇನ್ನೊಬ್ಬ ಒಳ್ಳೆಯ ವಿಂಗರ್ ಬೇರೆ ಇದ್ದ. ಅಷ್ಟರಲ್ಲಿ ಹೆರ್ಬರ್ಗರ್ ಅವರ ಟೆಲಿಗ್ರಾಂ ಬಂತು, ಕೂಡಲೇ ಹೊರಟು ಬಾ ಎಂದು. ರಾನ್ ಹೊರಟ. ಆ ಟೆಲಿಗ್ರಾಂ ಒಂದು ವಾರ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಲೆಕ್ಕ ಹಾಕುವುದು ನನಗಿಷ್ಟವಿಲ್ಲ. ನಾನು ಗಮನಿಸುವುದು ಬೇರೆ. ಆಡಿಸುತ್ತೇನೆಂಬ ಭರವಸೆ ಅವನ ಕೈಯಲ್ಲಿರಲಿಲ್ಲ, ಕರೆ ಮಾತ್ರ ಇತ್ತು. ಭರವಸೆ ಕೊಟ್ಟವರ ಬಳಿ ಉಳಿಯದೆ ಕರೆದವರ ಬಳಿಗೆ ಹೋದ. ನಿನ್ನ ವಯಸ್ಸಿನಲ್ಲಿ ಇದು ಸುಲಭದ ಲೆಕ್ಕವಲ್ಲ.

ಬಂದವನನ್ನು ಕಾದದ್ದು ಬೆಂಚು. ಇನ್ನೊಂದು ಮಾತು ತಿಳಿದುಕೋ: ಆಗ ವಿಶ್ವಕಪ್ಪಿನಲ್ಲಿ ಬದಲಿ ಆಟಗಾರರ ಪದ್ಧತಿಯೇ ಇರಲಿಲ್ಲ. ಹನ್ನೊಂದರಲ್ಲಿ ಹೆಸರಿಲ್ಲ ಎಂದರೆ ಆ ದಿನ ನೀನು ಪ್ರೇಕ್ಷಕ. ಟರ್ಕಿಯ ಮೇಲಿನ ಮೊದಲ ಪಂದ್ಯದಲ್ಲಿ ಕ್ಲೋಟ್ ಆಡಿದ, ಜರ್ಮನಿ 4-1ರಿಂದ ಗೆದ್ದಿತು. ಹಂಗೆರಿಯ ಮೇಲೆ ಹೆರ್ಬರ್ಗರ್ ತಮ್ಮ ಮುಖ್ಯ ಆಟಗಾರರಲ್ಲಿ ಹಲವರನ್ನು ಕೂರಿಸಿ ಮಿಕ್ಕವರನ್ನು ಇಳಿಸಿದರು; ಅದರಲ್ಲಿ ರಾನ್ ಇದ್ದ, ಒಂದು ಗೋಲೂ ಹೊಡೆದ. ಏನು ಪ್ರಯೋಜನ, ತಂಡ 8-3ರಿಂದ ಮಣ್ಣು ಮುಕ್ಕಿತು. ಊರಿನಿಂದ ಕೋಚಿಗೆ ಬೈಗುಳದ ಕಾಗದಗಳು ಬಂದವು. ಮತ್ತೆ ಟರ್ಕಿ, ಮತ್ತೆ ಕ್ಲೋಟ್, 7-2ರ ಗೆಲುವು. ರಾನ್ ಪುನಃ ಹೊರಗೆ.

ಆ ದಿನಗಳಲ್ಲಿ ಅವನು ಕ್ಯಾಂಪಿನಿಂದ ತಪ್ಪಿಸಿಕೊಂಡು ಹೋಗಿ ಕುಡಿದು ಬಂದ ಎಂಬ ಕಥೆ ಇದೆ. ಕಥೆಯಲ್ಲಿ ಎಷ್ಟು ಸೇರಿಸಿದ್ದಾರೋ, ನಂಬುವಂಥದ್ದಂತೂ ಹೌದು. ನನಗೆ ಅದಕ್ಕಿಂತ ಮುಖ್ಯ, ಹೆರ್ಬರ್ಗರ್ ಅವನನ್ನು ಯಾರ ಜೊತೆ ಒಂದೇ ಕೋಣೆಯಲ್ಲಿ ಹಾಕಿದ್ದರು ಎಂಬುದು. ತಂಡ ತಂಗಿದ್ದದ್ದು ಸ್ವಿಟ್ಜರ್ಲೆಂಡಿನ ಟೂನ್ ಸರೋವರದ ದಂಡೆಯಲ್ಲಿ, ಷ್ಪೀಟ್ಸ್ ಎಂಬ ಚಿಕ್ಕ ಊರಿನ ಬೆಲ್ವೆಡೇರ್ ಹೋಟೆಲಿನಲ್ಲಿ. ರಾನ್ ಜೊತೆಗಿದ್ದವನು ನಾಯಕ ಫ್ರಿಟ್ಸ್ ವಾಲ್ಟರ್. ಫ್ರಿಟ್ಸ್ ಯುದ್ಧಕ್ಕೆ ಹೋಗಿದ್ದವನು, ಸೆರೆ ಸಿಕ್ಕಿ, ಮಲೇರಿಯಾ ಹತ್ತಿಸಿಕೊಂಡು ಬಂದವನು. ಬಿಸಿಲಾದರೆ ಆಟ ಕುಗ್ಗುತ್ತಿತ್ತು, ಮಳೆ ಬಂದರೆ ಅರಳುತ್ತಿತ್ತು. ಒಂದು ಸೋಲಿಗೆ ನಾಲ್ಕು ದಿನ ಕೊರಗುವ ಸ್ವಭಾವ. ಅಂಥವನ ಪಕ್ಕದ ಹಾಸಿಗೆಗೆ ಕೋಚ್ ಈ ಬಾಯಿಬಡುಕನನ್ನು ತಂದು ಹಾಕಿದರು. ನಗಿಸುವುದು ಇವನ ಕೆಲಸ, ಹದ್ದಿನಲ್ಲಿಡುವುದು ಅವನ ಕೆಲಸ. ಆಡದ ದಿನಗಳಲ್ಲೂ ರಾನ್‌ಗೆ ತಂಡದಲ್ಲಿ ಮಾಡಲು ಕೆಲಸವಿತ್ತು ಎನ್ನುವುದನ್ನು ಗಮನಿಸು. ಹನ್ನೊಂದರಲ್ಲಿ ಇಲ್ಲದಾಗ ಮುಖ ಊದಿಸಿಕೊಂಡು ಮೂಲೆಗೆ ಕೂರುವ ಅಭ್ಯಾಸ ನಿನಗಿದೆ ಎಂದು ಕೇಳಿದ್ದೇನೆ. ನಿನ್ನ ಪಕ್ಕದ ಹಾಸಿಗೆಯವನು ಹೇಗಿದ್ದಾನೆ ಅಂತ ಯಾವತ್ತಾದರೂ ನೋಡಿದ್ದೀಯಾ?

ಕ್ವಾರ್ಟರ್ ಫೈನಲಿನಲ್ಲಿ ಯುಗೊಸ್ಲಾವಿಯದ ಮೇಲೆ ರಾನ್‌ಗೆ ಜಾಗ ಸಿಕ್ಕಿತು. ಜರ್ಮನಿ 1-0 ಮುಂದಿದ್ದರೂ ಪಂದ್ಯದುದ್ದಕ್ಕೂ ಏಟು ತಿನ್ನುತ್ತಿತ್ತು. ಕೊನೆಯ ನಿಮಿಷಗಳಲ್ಲಿ ಎರಡನೇ ಗೋಲು ಬಂದದ್ದು ಅವನ ಕಾಲಿನಿಂದ. ಅಲ್ಲಿಂದ ಜಾಗ ಗಟ್ಟಿಯಾಯಿತು. ಸೆಮಿಫೈನಲಿನಲ್ಲಿ ಆಸ್ಟ್ರಿಯಾ 6-1ಕ್ಕೆ ಉದುರಿತು.

ಫೈನಲ್ 1954ರ ಜುಲೈ 4ರಂದು, ಬೆರ್ನ್ ನಗರದ ವಾಂಕ್‌ಡೋರ್ಫ್ ಮೈದಾನದಲ್ಲಿ. ಎದುರಿಗೆ ಮತ್ತೆ ಅದೇ ಹಂಗೆರಿ. ನಾಲ್ಕು ವರ್ಷಗಳಿಂದ ಸೋಲೇ ಕಾಣದ ತಂಡ, ಒಲಿಂಪಿಕ್ಸ್ ಚಿನ್ನ ಗೆದ್ದ ತಂಡ, ಹಿಂದಿನ ವರ್ಷವಷ್ಟೇ ಇಂಗ್ಲೆಂಡನ್ನು ಅವರ ವೆಂಬ್ಲಿಯಲ್ಲೇ 6-3ರಿಂದ ಹೊಡೆದ ತಂಡ. ಮಳೆ ಸುರಿಯುತ್ತಿತ್ತು, ಅಂದರೆ ಫ್ರಿಟ್ಸ್ ವಾಲ್ಟರನ ಹವೆ. ಬೂಟು ಹೊಲಿಯುವ ಆಡಿ ಡಾಸ್ಲರ್ ತಂಡದ ಜೊತೆಗೇ ಬಂದಿದ್ದ. ಅವನ ಬೂಟುಗಳಿಗೆ ತಿರುಗಿಸಿ ಬಿಚ್ಚಿ ಹಾಕುವ ಸ್ಟಡ್‌ಗಳಿದ್ದವು, ಕೆಸರಿಗೆ ತಕ್ಕಂತೆ ಉದ್ದದವನ್ನು ಹಾಕಬಹುದಿತ್ತು. ಆದರೂ ಆರನೇ ನಿಮಿಷಕ್ಕೆ ಹಂಗೆರಿಯ ಪುಷ್ಕಾಶ್ ಗೋಲು ಹೊಡೆದ, ಎಂಟಕ್ಕೆ ಚಿಬೋರ್. ಎರಡು ಗೋಲು ಹಿಂದೆ. ಇನ್ನು 8-3 ಅಲ್ಲ, 10-3 ಆಗುತ್ತದೆ ಎಂದು ಜನ ಅಂದುಕೊಂಡಿದ್ದರೆ ತಪ್ಪಲ್ಲ.

ಆಮೇಲಿನ ಮೂರು ಗೋಲುಗಳಲ್ಲಿ ಕೊನೆಯದನ್ನು ಮಾತ್ರ ಜನ ನೆನಪಿಟ್ಟುಕೊಂಡಿದ್ದಾರೆ. ನೀನು ಮೂರನ್ನೂ ನೋಡು. ಹತ್ತನೇ ನಿಮಿಷದಲ್ಲಿ ರಾನ್ ಅಡ್ಡಲಾಗಿ ಒದ್ದ ಚೆಂಡು ಹಂಗೆರಿಯ ಝಕಾರಿಯಾಶ್‌ಗೆ ತಗುಲಿ ದಿಕ್ಕು ತಪ್ಪಿತು. ಜರ್ಮನಿಯ ಮೊರ್ಲಾಕ್ ಉದ್ದಕ್ಕೆ ಕಾಲು ಚಾಚಿ ಅದನ್ನು ಒಳಗೆ ದೂಡಿದ. ಹದಿನೆಂಟನೇ ನಿಮಿಷದಲ್ಲಿ ಫ್ರಿಟ್ಸ್ ಹೊಡೆದ ಕಾರ್ನರ್, ಗೋಲ್‌ಕೀಪರ್ ಗ್ರೋಶಿಚ್ ಮತ್ತು ಜರ್ಮನಿಯ ಲೆಫ್ಟ್ ವಿಂಗರ್ ಹಾನ್ಸ್ ಶೇಫರ್ ಒಟ್ಟಿಗೆ ಹಾರಿದರು, ಚೆಂಡು ಇಬ್ಬರನ್ನೂ ದಾಟಿ ದೂರದ ಕಂಬದ ಹತ್ತಿರ ಬಿತ್ತು. ಅಲ್ಲಿ ರಾನ್ ಇದ್ದ. 2-2. ಒಳ್ಳೆಯ ವಿಂಗರ್ ಎಂದರೆ ಓಡುವವನು ಎಂದು ನಿನಗೆ ಹೇಳಿಕೊಟ್ಟಿದ್ದಾರೆ. ಇರಬೇಕಾದ ಜಾಗದಲ್ಲಿ ಇರುವುದು ಅದಕ್ಕಿಂತ ಕಷ್ಟ. ಗೆರೆಯ ಪಕ್ಕ ಇಪ್ಪತ್ತು ನಿಮಿಷ ಚೆಂಡೇ ಬಾರದೆ ನಿಂತಿರುತ್ತೀಯ, ಒಳಗೆ ನುಗ್ಗಿಬಿಡೋಣ ಎನ್ನಿಸುತ್ತದೆ, ನುಗ್ಗಿದರೆ ಚೆಂಡು ನೀನು ಬಿಟ್ಟ ಜಾಗಕ್ಕೇ ಬರುತ್ತದೆ.

ಎಂಬತ್ತನಾಲ್ಕನೇ ನಿಮಿಷದ್ದು ಹೀಗೆ. ಎಡಗಡೆ ಶೇಫರ್ ಹಂಗೆರಿಯ ಬೋಜಿಕ್‌ನಿಂದ ಚೆಂಡು ಕಸಿದ, ಕ್ರಾಸ್ ಎತ್ತಿದ. ಹಂಗೆರಿಯವರು ಅದನ್ನು ಹೊರಗೆ ದಬ್ಬಿದರು. ಅರ್ಧಮರ್ಧ ತೆರವಾದ ಆ ಚೆಂಡು ಪೆನಾಲ್ಟಿ ಜಾಗದ ಅಂಚಿನಲ್ಲಿದ್ದ ರಾನ್ ಕಾಲಿಗೆ ಬಂತು. ಅವನ ಬಲಗಾಲಿನ ಒದೆತ ಯುರೋಪಿಗೆಲ್ಲ ಗೊತ್ತು. ಹಂಗೆರಿಯವರು ಅದಕ್ಕೇ ಅಡ್ಡ ಬಂದರು. ಅವನು ಬಲಗಾಲು ಎತ್ತಿದಂತೆ ಮಾಡಿ ಚೆಂಡನ್ನು ಎಡಕ್ಕೆ ಎಳೆದುಕೊಂಡ, ಎಡಗಾಲಿನಲ್ಲಿ ನೆಲಕ್ಕಂಟಿದಂತೆ ಮೂಲೆಗೆ ಒದ್ದ. 3-2. ಎರಡು ನಿಮಿಷದಲ್ಲೇ ಪುಷ್ಕಾಶ್ ಮತ್ತೆ ಚೆಂಡನ್ನು ಬಲೆಯೊಳಗೆ ಹಾಕಿದ, ವೇಲ್ಸಿನ ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದ. ಅದು ಆಫ್‌ಸೈಡೇ ಅಲ್ಲ ಎಂದು ಹಂಗೆರಿಯವರು ಇಂದಿಗೂ ವಾದಿಸುತ್ತಾರೆ. ಇರಲಿ.

ನಿನಗೆ ಹೇಳಬೇಕಾದ್ದು ಎಡಗಾಲಿನ ವಿಷಯ. ನೀನು ಎಡಗಾಲನ್ನು ನಿಲ್ಲುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೀಯ. ದಿನಾ ಪ್ರಾಕ್ಟೀಸ್ ಮುಗಿದ ಮೇಲೆ, ಎಲ್ಲರೂ ಬೂಟು ಬಿಚ್ಚುವಾಗ, ಗೋಡೆಗೆ ಎಡಗಾಲಿನಲ್ಲಿ ಒದೆಯುತ್ತಾ ಇರು. ಯಾರೂ ನೋಡದಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ಬೆರ್ನ್‌ನಲ್ಲಿ ಜರ್ಮನ್ ಆಟಗಾರರಿಗೆ ಚುಚ್ಚುಮದ್ದು ಕೊಟ್ಟಿದ್ದರು. ವಿಟಮಿನ್ ಸಿ ಅಷ್ಟೇ ಎಂದು ತಂಡದ ವೈದ್ಯರು ಹೇಳಿದರು. ಯುದ್ಧಕಾಲದ ಸೈನಿಕರಿಗೆ ಕೊಡುತ್ತಿದ್ದ ಉತ್ತೇಜಕ ಮದ್ದಾಗಿರಬಹುದು ಎಂಬ ಗುಮಾನಿಯನ್ನು ಮುಂದೆ ಸಂಶೋಧಕರು ಎತ್ತಿದರು. ಏನೇ ಇರಲಿ, ಆ ವರ್ಷವೇ ಆಟಗಾರರಲ್ಲಿ ಹಲವರಿಗೆ ಕಾಮಾಲೆ ಹಿಡಿಯಿತು. ಒಂದೇ ಸೂಜಿಯನ್ನು ಎಲ್ಲರಿಗೂ ಬಳಸಿದ್ದರಿಂದ ಹರಡಿರಬೇಕು ಎನ್ನುವವರಿದ್ದಾರೆ. ಸಿರಿಂಜಿನಲ್ಲಿ ಏನಿದೆ ಎಂದು ಕೇಳುವ ಧೈರ್ಯ ಆ ಹುಡುಗರಿಗೆ ಇರಲಿಲ್ಲ, ಕೇಳುವ ಕಾಲವೂ ಅದಲ್ಲ. ನಿನ್ನ ಕಾಲ ಅದಲ್ಲ. ಪೌಡರ್ ಡಬ್ಬಿ ತಂದು ಕೊಡುವವನು ನಿನ್ನ ಸೆಲೆಕ್ಟರೇ ಆಗಿರಲಿ, ಹೆಸರು ಓದಿ, ಡಾಕ್ಟರಿಗೆ ತೋರಿಸಿ, ಆಮೇಲೆ ಬಾಯಿಗೆ ಹಾಕಿಕೋ.

ಗೆದ್ದ ತಂಡ ರೈಲಿನಲ್ಲಿ ಜರ್ಮನಿಗೆ ಮರಳಿದಾಗ ಒಂದೊಂದು ನಿಲ್ದಾಣದಲ್ಲೂ ಜನ ಹಳಿಯ ಮೇಲೆ ತುಂಬಿದ್ದರು. ಯುದ್ಧ ಮುಗಿದು ಒಂಬತ್ತೇ ವರ್ಷ. ಜಗತ್ತೆಲ್ಲ ಅಸಹ್ಯಪಡುವಂಥ ಪಾಪ ಮಾಡಿದ್ದ ದೇಶ, ಒಡೆದು ಎರಡಾದ ದೇಶ, 1950ರ ವಿಶ್ವಕಪ್ಪಿಗೆ ಸೇರಿಸಿಕೊಳ್ಳದೆ ಹೊರಗಿಟ್ಟಿದ್ದ ದೇಶ. ನಾವೂ ಮತ್ತೆ ಮನುಷ್ಯರಲ್ಲಿ ಒಬ್ಬರಾದೆವು ಎಂದು ಅವತ್ತು ಅನೇಕರಿಗೆ ಅನ್ನಿಸಿತಂತೆ. ಒಂದು ಚೆಂಡಿನ ಮೇಲೆ ಅಷ್ಟು ಭಾರ ಹೊರಿಸಬಾರದಿತ್ತು ಎಂದು ನನಗನ್ನಿಸುತ್ತದೆ, ಆದರೆ ಹೊರಿಸಿದರು. ಟೀವಿ ಇದ್ದ ಮನೆಗಳು ಬಹಳ ಕಡಿಮೆ. ಬಹುಪಾಲು ಜನ ರೇಡಿಯೊದಲ್ಲಿ ಕಾಮೆಂಟೇಟರ್ ಹೆರ್ಬರ್ಟ್ ಸಿಮ್ಮರ್‌ಮನ್ ಗಂಟಲು ಹರಿದುಕೊಂಡು ಕೂಗಿದ್ದನ್ನು ಕೇಳಿದ್ದರು. ರಾನ್ ಒದೆಯುವುದಕ್ಕೆ ಒಂದು ಕ್ಷಣ ಮುಂಚೆಯೇ ಅವನು ಒದೆಯಬೇಕು ಎಂದಿದ್ದ ಆ ಮನುಷ್ಯ. ಆ ಧ್ವನಿ ಜರ್ಮನ್ ಮಕ್ಕಳಿಗೆ ಇವತ್ತಿಗೂ ಬಾಯಿಪಾಠ. ಅಲ್ಲಿಗೆ ಆ ಗೋಲು ರಾನ್‌ನದಾಗಿ ಉಳಿಯಲಿಲ್ಲ.

ಮರುವರ್ಷವೂ ಚೆನ್ನಾಗಿಯೇ ಇತ್ತು. 1953ರಲ್ಲಿ ಜರ್ಮನ್ ಕಪ್ ಗೆದ್ದಿದ್ದ ಎಸ್ಸೆನ್ 1955ರಲ್ಲಿ ದೇಶದ ಚಾಂಪಿಯನ್ ಪಟ್ಟಕ್ಕೇ ಏರಿತು. ಫೈನಲಿನಲ್ಲಿ 4-3ರಿಂದ ಸೋತದ್ದು ಕೈಸರ್‌ಸ್ಲೌಟರ್ನ್, ಅಂದರೆ ಫ್ರಿಟ್ಸ್ ವಾಲ್ಟರನ ತಂಡ. ಬೆರ್ನ್‌ನಲ್ಲಿ ರಾನ್ ಜೊತೆಗೆ ಆಡಿದ ಐವರು ಅದರಲ್ಲಿದ್ದರು. ಆಮೇಲೆ ಇಳಿತ ಶುರುವಾಯಿತು. ಹೋದ ಕಡೆಯೆಲ್ಲ ಯಾರಾದರೂ ಕುಡಿಸುವವರೇ. ಹೀರೊಗೆ ಬಿಯರ್ ಕೊಡಿಸಿದೆ ಎಂದು ಹೇಳಿಕೊಳ್ಳುವುದು ಅವರಿಗೆ ಹೆಮ್ಮೆ, ಮೈ ದಪ್ಪವಾಗುವುದು ಇವನದು. 1957ರಲ್ಲಿ ಕುಡಿದು ಕಾರು ಓಡಿಸಿ ಗುಂಡಿಗೆ ಇಳಿಸಿದ, ಪೊಲೀಸರ ಮೇಲೆ ತಿರುಗಿ ಬಿದ್ದ, ಜೈಲಿಗೂ ಹೋಗಿ ಬಂದ. ಕುಡಿಸಿದವರ್‍ಯಾರೂ ಅಲ್ಲಿಗೆ ಜೊತೆಗೆ ಬರಲಿಲ್ಲ, ಇದನ್ನು ಹೇಳಬೇಕಾಗಿಯೇ ಇಲ್ಲ.

ಹೆರ್ಬರ್ಗರ್ ಬಂದರು. ಪತ್ರಿಕೆಗಳು ಏನೆಂದರೂ ಸರಿ, 1958ರ ಸ್ವೀಡನ್ ವಿಶ್ವಕಪ್ಪಿಗೆ ಅವನನ್ನು ಕರೆದರು, ಮೈ ಇಳಿಸು ಎಂದು ಬೆನ್ನು ಬಿದ್ದರು. ಮೊದಲ ಪಂದ್ಯದಲ್ಲೇ ಅರ್ಜೆಂಟೀನಾದ ಮೇಲೆ ಎರಡು ಗೋಲು. ಕ್ವಾರ್ಟರ್ ಫೈನಲಿನಲ್ಲಿ ಮತ್ತೆ ಯುಗೊಸ್ಲಾವಿಯ, 1-0, ಆ ಒಂದೂ ಇವನದೇ. ಒಟ್ಟು ಆರು ಗೋಲು. ಆ ಕೂಟದಲ್ಲಿ ಹದಿನೇಳು ವರ್ಷದ ಪೆಲೆ ಹೊಡೆದದ್ದೂ ಆರೇ. ಎರಡು ವಿಶ್ವಕಪ್ ಸೇರಿ ಹತ್ತು ಪಂದ್ಯ, ಹತ್ತು ಗೋಲು. ಜರ್ಮನಿ ನಾಲ್ಕನೆಯ ಸ್ಥಾನಕ್ಕೆ ಬಂತು. ನನ್ನನ್ನು ಕೇಳಿದರೆ ರಾನ್ ಬದುಕಿನ ದೊಡ್ಡ ಆಟ ಬೆರ್ನ್‌ನದಲ್ಲ, ಸ್ವೀಡನ್ನಿನದು. ಬೆರ್ನ್‌ನಲ್ಲಿ ಅವನಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಸ್ವೀಡನ್ನಿಗೆ ಹೋದಾಗ ಹೆಗಲ ಮೇಲೆ ಜೈಲು ಇತ್ತು, ನಗುವವರಿದ್ದರು, ನಾಲ್ಕು ವರ್ಷ ಹಳೆಯದಾದ ಕಾಲು ಇತ್ತು. ಆದರೆ ಆ ಆರು ಗೋಲುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಮಿಕ್ಕದ್ದು ಬೇಗ ಹೇಳಿ ಮುಗಿಸುತ್ತೇನೆ. 1959ರಲ್ಲಿ ಎಸ್ಸೆನ್ ಬಿಟ್ಟು ಕಲೋನ್ ಕ್ಲಬ್ಬು. 1960ರಲ್ಲಿ ರಾಷ್ಟ್ರೀಯ ತಂಡದ ಕೊನೆಯ ಪಂದ್ಯ. ಒಟ್ಟು 40 ಪಂದ್ಯ, 21 ಗೋಲು. ಆಮೇಲೆ ಗಡಿ ದಾಟಿ ನೆದರ್ಲೆಂಡ್ಸ್‌ನ ಎನ್‌ಸ್ಖೆಡೆಯಲ್ಲಿ ಮೂರು ವರ್ಷ, ಏಕೆಂದರೆ ಅಲ್ಲಿ ಆಟಕ್ಕೆ ಸರಿಯಾಗಿ ಸಂಬಳ ಕೊಡುತ್ತಿದ್ದರು. 1963ರಲ್ಲಿ ಬುಂಡೆಸ್‌ಲೀಗಾ ಶುರುವಾದಾಗ ಮೈಡೆರಿಷ್ ಕ್ಲಬ್ಬಿಗೆ ಮರಳಿದ. ಆ ಹೊಸ ಲೀಗಿನಲ್ಲಿ ರೆಫ್ರಿ ಮೈದಾನದಿಂದ ಆಚೆ ಕಳಿಸಿದ ಮೊಟ್ಟಮೊದಲ ಆಟಗಾರ ಎಂಬ ದಾಖಲೆ ಇವನದು! ಬಾಸ್ ಕೊನೆಯವರೆಗೂ ಬಾಸೇ. 1965ಕ್ಕೆ ಆಟ ನಿಂತಿತು.

ಆಮೇಲೆ ಮೂವತ್ತೆಂಟು ವರ್ಷ ಬದುಕಿದ. ಲೆಕ್ಕ ಹಾಕು, ಹೆಚ್ಚುಕಡಿಮೆ ಆಡಿದ್ದರ ಎರಡು ಪಟ್ಟು. ಎಸ್ಸೆನ್ನಿನಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಮಾರಿದ, ಆಮೇಲೆ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಯ ಹತ್ತಿರದ ಬಿಯರ್ ಅಂಗಡಿಗೆ ಹೋದರೆ ಯಾರಾದರೂ ಗ್ಲಾಸ್ ಮುಂದಿಟ್ಟು, ಹೆಲ್ಮುಟ್, ಆ ಗೋಲಿನ ಕಥೆ ಹೇಳು ಎನ್ನುತ್ತಿದ್ದರು. ಹೇಳುತ್ತಿದ್ದ. ಮರುದಿನ ಮತ್ತೊಬ್ಬ. ಅದೇ ಶೇಫರ್, ಅದೇ ಕ್ರಾಸ್, ಅದೇ ಎಡಗಾಲು. ಕೇಳುವವನಿಗೆ ಅದು ಮೊದಲ ಸಲ, ಹೇಳುವವನಿಗೆ ಸಾವಿರದ ಎಷ್ಟನೆಯದೋ. ಒಂದು ಹಂತದಲ್ಲಿ ಸಾಕಾಗಿಹೋಯಿತು. ಹೋಗುವುದನ್ನು ಕಡಿಮೆ ಮಾಡಿದ, ಪತ್ರಕರ್ತರನ್ನು ಬಾಗಿಲಿನಲ್ಲೇ ತಿರುಗಿ ಕಳಿಸಿದ, ವಾರ್ಷಿಕೋತ್ಸವಗಳಿಗೆ ಕರೆದರೆ ಬಾರದಾದ. 2003ರ ಆಗಸ್ಟ್ 14ರಂದು, ಎಪ್ಪತ್ತನಾಲ್ಕು ತುಂಬಲು ಎರಡು ದಿನ ಇರುವಾಗ ತೀರಿಕೊಂಡ. ಬೆರ್ನ್‌ನ ಗೆಲುವಿನ ಮೇಲೆ ತೆಗೆದ ಸಿನಿಮಾ ಅದೇ ವರ್ಷದ ಅಕ್ಟೋಬರಿನಲ್ಲಿ ತೆರೆಗೆ ಬಂತು; ಅದರಲ್ಲಿ ಒಬ್ಬ ಪುಟ್ಟ ಹುಡುಗ ರಾನ್‌ನ ಬ್ಯಾಗು ಹೊತ್ತುಕೊಂಡು ಓಡಾಡುತ್ತಾನೆ. ಮರುವರ್ಷ ಎಸ್ಸೆನ್ ಸ್ಟೇಡಿಯಮ್ಮಿನ ಬಳಿ ಕಂಚಿನ ಪ್ರತಿಮೆಯೂ ಆಯಿತು.

ಅವನ ಕೊನೆಗಾಲವನ್ನು ಬರೆಯುವವರೆಲ್ಲ ಪಾಪ, ಒಂಟಿಯಾದ, ಕಹಿಯಾದ ಎಂದು ಮರುಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಗಿಲು ಹಾಕಿಕೊಂಡದ್ದು ಅವನ ಬದುಕಿನ ಜಾಣ ಡಾಡ್ಜ್. ಜನ ಬಲಕ್ಕೆ ಬಂದರು, ಅವನು ಎಡಕ್ಕೆ ಸರಿದ. ತಡವಾಗಿ ಸರಿದ ಎನ್ನುವುದೊಂದೇ ನನ್ನ ದೂರು. ನಮ್ಮನ್ನು ಒಂದೇ ದಿನಕ್ಕಾಗಿ ಪ್ರೀತಿಸುವವರು ಆ ದಿನವನ್ನು ಪ್ರೀತಿಸುತ್ತಾರೆ, ನಮ್ಮನ್ನಲ್ಲ. ಅವರ ಮೇಲೆ ಸಿಟ್ಟು ಬೇಡ, ಆದರೆ ಅವರ ಕೈಗೆ ನಮ್ಮ ಸಂಜೆಗಳನ್ನು ಕೊಡಬಾರದು. ಆಚೆ ವಿಂಗಿನ ಶೇಫರ್ ಇದನ್ನು ಬೇಗನೆ ಅರಿತ. ಕಲೋನ್ ಒಂದೇ ಕ್ಲಬ್ಬಿಗೆ ಆಡಿ 1964ರಲ್ಲಿ ಮೊದಲ ಬುಂಡೆಸ್‌ಲೀಗಾ ಪಟ್ಟವನ್ನೂ ಗೆದ್ದವನು, ಬೆರ್ನ್ ಬಗ್ಗೆ ದಶಕಗಳ ಕಾಲ ಸಂದರ್ಶನವನ್ನೇ ಕೊಡಲಿಲ್ಲ. ತೊಂಬತ್ತು ವರ್ಷ ನೆಮ್ಮದಿಯಾಗಿ ಬದುಕಿ 2017ರಲ್ಲಿ ಹೋದ.

ಹಾಗೆ ಸರಿದುಕೊಳ್ಳಲಾಗದವರೂ ಆ ತಂಡದಲ್ಲಿದ್ದರು. ವೆರ್ನರ್ ಕೋಲ್‌ಮೈಯರ್ ಎಂಬ ಡಿಫೆಂಡರ್, ಯುಗೊಸ್ಲಾವಿಯದ ಮೇಲೆ ಗೋಲುಗೆರೆಯ ಮೇಲಿಂದಲೇ ಚೆಂಡನ್ನು ಒದ್ದು ಹಾಕಿ ತಂಡ ಉಳಿಸಿದವನು. ಅವನಿಲ್ಲದಿದ್ದರೆ ರಾನ್‌ಗೆ ಫೈನಲೇ ಇರುತ್ತಿರಲಿಲ್ಲ. ಕುಡಿತ ಹಿಡಿಯಿತು, ಸಂಸಾರ ಹೋಯಿತು, ಕೊನೆಗೆ ಮೈನ್ಸ್ ಊರಿನಲ್ಲಿ ಒಂದು ಪತ್ರಿಕಾ ಕಚೇರಿಯ ಬಾಗಿಲು ಕಾಯುತ್ತಿದ್ದ. ಜರ್ಮನಿ ಎರಡನೇ ಸಲ ವಿಶ್ವಕಪ್ ಗೆದ್ದ 1974ರಲ್ಲೇ, ಗೆಲುವಿಗೆ ಕೆಲವು ತಿಂಗಳು ಮುಂಚೆ, ನಲವತ್ತೊಂಬತ್ತಕ್ಕೆ ತೀರಿಕೊಂಡ. ಕಾಲಿನ ಕೌಶಲದಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ. ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ಅವನಲ್ಲಿ ಉತ್ತರ ಉಳಿಯಲಿಲ್ಲ.

ಉತ್ತರ ಇದ್ದವನು ಹೋರ್ಸ್ಟ್ ಎಕೆಲ್. ಬೆರ್ನ್‌ನಲ್ಲಿ ಅವನಿಗೆ ಇಪ್ಪತ್ತೆರಡು, ತಂಡದಲ್ಲೇ ಚಿಕ್ಕವನು. ಆಡುತ್ತಿದ್ದಾಗಲೇ ಟೂಲ್‌ಮೇಕರ್ ಕೆಲಸ ಕಲಿತಿದ್ದ. ಆಟ ಮುಗಿದ ಮೇಲೆ, ಬೇರೆಯವರು ಹಳೆಯ ಫೋಟೋಗಳಿಗೆ ಸಹಿ ಹಾಕುತ್ತಾ ಕೂರುವ ವಯಸ್ಸಿನಲ್ಲಿ, ಮತ್ತೆ ಓದಲು ಕೂತು ಶಾಲೆಯ ಮೇಷ್ಟ್ರಾದ. ಹೆರ್ಬರ್ಗರ್ ಹೆಸರಿನ ಪ್ರತಿಷ್ಠಾನದ ಪರವಾಗಿ ಜೈಲುಗಳಿಗೆ ಹೋಗಿ ಅಲ್ಲಿನ ಹುಡುಗರ ಜೊತೆ ಮಾತಾಡುತ್ತಿದ್ದ. ಅವನಿಗೂ ಜನ ಬೆರ್ನ್ ಬಗ್ಗೆ ಕೇಳುತ್ತಿದ್ದರು, ಖುಷಿಯಾಗಿ ಹೇಳುತ್ತಿದ್ದ. ಬೇಸರವಾಗಲಿಲ್ಲ, ಏಕೆಂದರೆ ಹೇಳಲು ಅವನ ಬಳಿ ಬೇರೆಯದೂ ಇತ್ತು. ಆ ಹನ್ನೊಂದು ಜನರಲ್ಲಿ ಕೊನೆಯವನಾಗಿ 2021ರ ಡಿಸೆಂಬರಿನಲ್ಲಿ ಹೋದ. ಬೇರೊಂದು ಕಸುಬು ಇರಲೇಬೇಕೆಂಬ ಅನ್ಯಾಯದ ನಿಯಮದಿಂದ ಒಂದು ಉಪಕಾರವಾಯಿತು ಎಂದೆನಲ್ಲ, ಅದು ಇದೇ.

ಈಗ ನಿನ್ನ ಪ್ರಶ್ನೆ. ಆಡು. ಬೇಡ ಎಂದು ನಾನು ಹೇಳುವುದಿಲ್ಲ, ನಿಮ್ಮಪ್ಪನಿಗೂ ಹೇಳುತ್ತೇನೆ. ಹತ್ತೊಂಬತ್ತರ ಕಾಲು ಇಪ್ಪತ್ತೊಂಬತ್ತಕ್ಕೆ ಸಿಗುವುದಿಲ್ಲ. ಆದರೆ ಡಿಗ್ರಿಯನ್ನು ಬಿಡಬೇಡ, ನಿಧಾನ ಮಾಡು. ದೂರಶಿಕ್ಷಣವೋ, ಸಂಜೆ ಕಾಲೇಜೋ, ಐದು ವರ್ಷ ಹಿಡಿಯಲಿ. ಡಿಗ್ರಿಯೇ ಬೇಡವಾದರೆ ಕೈಗೆ ಒಂದು ಕೆಲಸ ಕಲಿತುಕೋ: ಫಿಸಿಯೊಥೆರಪಿ, ಕೋಚಿಂಗ್ ಲೈಸೆನ್ಸ್, ವೈರಿಂಗ್, ಯಾವುದಾದರೂ. ನಾಳೆ ಕೆಲಸ ಸಿಗಲಿ ಎಂದಷ್ಟೇ ಹೇಳುತ್ತಿಲ್ಲ. ಗೋಲು ಹೊಡೆದ ಮರುದಿನ ಬೆಳಿಗ್ಗೆ ಯಾರೂ ಚಪ್ಪಾಳೆ ತಟ್ಟದ ಒಂದು ಜಾಗಕ್ಕೆ ನೀನು ಹೋಗಬೇಕು. ಅಲ್ಲಿ ನೀನು ಹೊಸಬ, ತಪ್ಪು ಮಾಡಿದರೆ ಬೈಸಿಕೊಳ್ಳುವವ. ಆ ಜಾಗ ಇದ್ದರೆ ಗೋಲು ಹಗುರವಾಗಿರುತ್ತದೆ.

ಮತ್ತೆ, ಗೋಲಿನ ಕಥೆ ಹೇಳಲೇಬೇಕಾಗಿ ಬಂದಾಗ ಶೇಫರನನ್ನು ಬಿಟ್ಟು ಹೇಳಬೇಡ. ರಾನ್ ಕಾಲಿಗೆ ಚೆಂಡು ಬರುವುದಕ್ಕೆ ಮುಂಚೆ ಎಡಗಡೆಯಲ್ಲಿ ಒಬ್ಬ ಅದನ್ನು ಬೋಜಿಕ್‌ನಿಂದ ಕಸಿಯಬೇಕಾಗಿತ್ತು. ಮೊನ್ನೆ ನೀನು ಕಳಿಸಿದ ವಿಡಿಯೊವನ್ನು ನಿಮ್ಮಜ್ಜಿ ಜೊತೆ ಕೂತು ನೋಡಿದೆ. ನಿನ್ನ ಗೋಲು ಚೆನ್ನಾಗಿತ್ತು. ಅದರಲ್ಲಿ ಎಡಗಡೆಯಿಂದ ಓಡಿ ಬಂದು, ಬೀಳುತ್ತಾ ಬೀಳುತ್ತಾ ಕ್ರಾಸ್ ಕೊಟ್ಟ ಹುಡುಗ ಯಾರು?